ಬೇಯಬೇಕು, ಕುದಿಯಬಾರದು: ಸ್ಟ್ಯೂ ಮಾಡುವ ಕ್ರಮ ಮತ್ತು ಆ ಪದದ ಹಲವು ಅರ್ಥಗಳು

ಬೆಂಗಳೂರಿನ ಒಂದು ಕೇರಳ ಹೋಟೆಲಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ಕನ್ನಡದಲ್ಲಿ ‘ಅಪ್ಪಂ, ಇಷ್ಟು’ ಎಂದು ಬರೆದಿತ್ತು. ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ಅದನ್ನು ಓದಿ, “ಇಷ್ಟು ಅಂದರೆ ಎಷ್ಟಪ್ಪಾ?” ಎಂದು ಕೇಳಿದರು. ಗಲ್ಲಾದ ಹುಡುಗ ಬೆಲೆ ಹೇಳಿದ. ಹಿರಿಯರು ಕೇಳಿದ್ದು ಅರ್ಥವನ್ನು ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆದದ್ದು ಬಿಳಿಯ ರಸದಲ್ಲಿ ಆಲೂಗಡ್ಡೆ, ಹಸಿಮೆಣಸಿನಕಾಯಿ ತೇಲುತ್ತಿದ್ದ ಬಟ್ಟಲು ಎದುರಿಗೆ ಬಂದ ಮೇಲೆಯೇ. ಇಂಗ್ಲಿಷಿನ ‘ಸ್ಟ್ಯೂ’ ಮಲಯಾಳಿಗಳ ನಾಲಿಗೆಯಲ್ಲಿ ‘ಇಷ್ಟು’ ಆಗಿದೆ. ನಮ್ಮ ಹಳ್ಳಿಗಳಲ್ಲಿ ಸ್ಕೂಲು ‘ಇಸ್ಕೂಲು’ ಆದದ್ದೂ ಇದೇ ದಾರಿಯಲ್ಲಿ: ಮೊದಲಿಗೇ ಬರುವ ಒತ್ತಕ್ಷರಕ್ಕೆ ಊರುಗೋಲಾಗಿ ಒಂದು ಸ್ವರ ಬಂದು ನಿಲ್ಲುತ್ತದೆ.

ಇಲ್ಲಿ ನಾನು ವಿವರಿಸಲು ಹೊರಟಿರುವುದು ಮುಖ್ಯವಾಗಿ ಕೇರಳದ ಮಟನ್ ಇಷ್ಟುವನ್ನು ಮನೆಯಲ್ಲಿ ಮಾಡುವ ಕ್ರಮವನ್ನು. ಅದರ ಜೊತೆಗೆ ಐರ್ಲೆಂಡಿನ ಸ್ಟ್ಯೂ ಬಗ್ಗೆ ಸ್ವಲ್ಪ, ಆ ಪದ ಇಂಗ್ಲಿಷಿನಲ್ಲಿ ಹೊತ್ತುಕೊಂಡಿರುವ ಬೇರೆ ಬೇರೆ ಅರ್ಥಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಎಲ್ಲಕ್ಕೂ ಮೊದಲು ತಿಳಿದಿರಬೇಕಾದ ಒಂದು ವ್ಯತ್ಯಾಸವನ್ನು ಕನ್ನಡ ತಾನಾಗಿಯೇ ಗುರುತಿಸಿಟ್ಟಿದೆ. ನಮ್ಮಲ್ಲಿ ‘ಕುದಿಯುವುದು’ ನೀರಿನ ಕೆಲಸ, ‘ಬೇಯುವುದು’ ಪದಾರ್ಥದ ಕೆಲಸ. ಸಾರು ಕುದಿಯುತ್ತದೆ, ಬೇಳೆ ಬೇಯುತ್ತದೆ. ಸ್ಟ್ಯೂ ಎಂಬ ಅಡುಗೆಯ ಗುಟ್ಟೆಲ್ಲ ಈ ಎರಡು ಕ್ರಿಯಾಪದಗಳ ನಡುವೆ ಇದೆ: ಒಳಗಿನ ಪದಾರ್ಥ ಪೂರ್ತಿ ಬೇಯಬೇಕು, ಸುತ್ತಲಿನ ನೀರು ಮಾತ್ರ ಕುದಿಯಬಾರದು.

ಬಚ್ಚಲಿನಿಂದ ಅಡುಗೆಮನೆಗೆ

ಈ ಪದ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ಬಚ್ಚಲಿನಲ್ಲಿ. ಹಳೆಯ ಫ್ರೆಂಚಿನ ‘ಎಸ್ತೂವ್’ ಎಂದರೆ ಉಗಿಯಿಂದ ಬಿಸಿಯೇರಿಸಿದ ಸ್ನಾನದ ಕೋಣೆ. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಅದು ಸ್ನಾನದ ಮನೆ, ಬಿಸಿನೀರಿನ ತೊಟ್ಟಿ ಎಂಬ ಅರ್ಥಗಳಲ್ಲೇ ಬಳಕೆಯಾಯಿತು. ತಲೆಯ ಮೇಲಿದ್ದ ಸ್ವರವನ್ನು ಇಂಗ್ಲಿಷ್ ಕಳಚಿಹಾಕಿತು. ಶತಮಾನಗಳ ಮೇಲೆ ಕೇರಳ ತನ್ನದೊಂದು ಸ್ವರವನ್ನು ಮತ್ತೆ ತೊಡಿಸಿತು. ಸಾರ್ವಜನಿಕ ಸ್ನಾನಗೃಹಗಳಲ್ಲಿ ಸ್ನಾನವಲ್ಲದ ವ್ಯವಹಾರವೂ ನಡೆಯುತ್ತಿದ್ದುದರಿಂದ ‘ಸ್ಟ್ಯೂಸ್’ ಎಂಬ ಬಹುವಚನ ಸೂಳೆಗೇರಿಗೆ ಹೆಸರಾಯಿತು. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದ ಸದರ್ಕ್‌ನಲ್ಲಿ, ವಿಂಚೆಸ್ಟರಿನ ಬಿಷಪ್ಪರ ಅಧಿಕಾರಕ್ಕೆ ಸೇರಿದ ನೆಲದಲ್ಲೇ, ಅಂಥ ಮನೆಗಳು ಬಹುಕಾಲ ನಡೆದವು. 1546ರಲ್ಲಿ ಎಂಟನೆಯ ಹೆನ್ರಿ ಅವನ್ನು ಮುಚ್ಚಿಸಿದ. ಆ ಕಾಲದ ಇಂಗ್ಲಿಷ್ ನಾಟಕಗಳನ್ನು ಕನ್ನಡಕ್ಕೆ ತರುವವರು ಈ ಬಹುವಚನವನ್ನು ಕಂಡಾಗ ಊಟದ ತಟ್ಟೆಯನ್ನು ನೆನೆಯದಿರುವುದು ಒಳ್ಳೆಯದು.

ಬಿಸಿನೀರಿನಲ್ಲಿ ಮುಳುಗಿಸಿ ಇಡುವುದು ಎಂಬ ಅರ್ಥದ ಕ್ರಿಯಾಪದ ಮನುಷ್ಯರಿಂದ ಮಾಂಸಕ್ಕೆ ದಾಟಿ, ಮುಚ್ಚಿದ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸುವುದು ಎಂದಾಯಿತು. ಹಾಗೆ ಬೇಯಿಸಿದ ಪದಾರ್ಥಕ್ಕೇ ಆ ಹೆಸರು ನಿಂತದ್ದು ಬಹಳ ತಡವಾಗಿ, 18ನೆಯ ಶತಮಾನದಲ್ಲಿ. ಎಂದರೆ ಸ್ಟ್ಯೂ ಮೊದಲು ಒಂದು ವಿಧಾನ, ಆಮೇಲೆ ಒಂದು ತಿನಿಸು. ಮೀನನ್ನು ಜೀವಂತ ಕೂಡಿಟ್ಟುಕೊಂಡು ಬೇಕಾದಾಗ ಹಿಡಿಯಲು ಹಿತ್ತಲಿನಲ್ಲಿ ಮಾಡಿಕೊಂಡ ಸಣ್ಣ ಕೊಳಕ್ಕೂ ಇಂಗ್ಲಿಷಿನಲ್ಲಿ ಸ್ಟ್ಯೂ ಎಂಬ ಹೆಸರಿದೆ. ಅದು ಬೇರೆಯೇ ಫ್ರೆಂಚ್ ಪದದಿಂದ ಬಂದದ್ದು, ಕಾಗುಣಿತ ಮಾತ್ರ ಒಂದೇ.

ಮನಸ್ಸಿಗೆ ಸಂಬಂಧಿಸಿದ ಅರ್ಥಗಳಲ್ಲಿ ಕನ್ನಡಿಗರಿಗೆ ಕಷ್ಟವಿಲ್ಲ, ಏಕೆಂದರೆ ನಮ್ಮ ಭಾಷೆಯೂ ಸಂಕಟವನ್ನು ಒಲೆಯ ಮೇಲೆಯೇ ಇಟ್ಟು ನೋಡಿದೆ. ನಾವು ಒಳಗೊಳಗೇ ಬೇಯುತ್ತೇವೆ, ಸಿಟ್ಟಿನಿಂದ ಕುದಿಯುತ್ತೇವೆ, ಎರಡೂ ಕೂಡಿದಾಗ ಅದಕ್ಕೆ ‘ಬೇಗುದಿ’ ಎನ್ನುತ್ತೇವೆ. ಆದ್ದರಿಂದ ಒಬ್ಬಾತ ಒಂದು ವಿಷಯದ ಬಗ್ಗೆ ‘ಸ್ಟ್ಯೂ’ ಮಾಡುತ್ತಿದ್ದಾನೆ ಎಂದು ಇಂಗ್ಲಿಷಿನಲ್ಲಿದ್ದರೆ ‘ಮನಸ್ಸಿನಲ್ಲೇ ಬೇಯುತ್ತಿದ್ದಾನೆ’ ಎಂದರೆ ಸಾಕು. ‘ಇನ್ ಎ ಸ್ಟ್ಯೂ’ ಎಂದಿದ್ದರೆ ಪೇಚಾಟ ಅಥವಾ ಕಸಿವಿಸಿ ಹೊಂದುತ್ತದೆ. ತನ್ನದೇ ರಸದಲ್ಲಿ ತಾನೇ ಬೇಯಲಿ ಎಂಬ ನುಡಿಗಟ್ಟಿಗೆ ‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ಎಷ್ಟೋ ಹತ್ತಿರದ್ದು, ಅಡುಗೆಯ ವಾಸನೆಯನ್ನೂ ಅದು ಉಳಿಸಿಕೊಳ್ಳುತ್ತದೆ. ‘ಸ್ಟ್ಯೂಡ್’ ಚಹಾ ಎಂದರೆ ಸೊಪ್ಪನ್ನು ಬಹಳ ಹೊತ್ತು ನೀರಿನಲ್ಲೇ ಬಿಟ್ಟು ಒಗರಾದ ಚಹಾ. ಅದೇ ವಿಶೇಷಣ ಮನುಷ್ಯನಿಗೆ ಬಂದರೆ ಆತ ಚೆನ್ನಾಗಿ ಕುಡಿದಿದ್ದಾನೆ ಎಂದರ್ಥ.

ಮಾಂಸದ ಆಯ್ಕೆ

ಅಂಗಡಿಯಲ್ಲಿ ಮೆತ್ತನೆಯ ಭಾಗವನ್ನೇ ಕೇಳಿ ತರುವುದು ಸ್ಟ್ಯೂ ಮಾಡುವವರ ಮೊದಲ ತಪ್ಪು. ನಿಧಾನವಾಗಿ ಬೇಯಿಸುವ ಅಡುಗೆ ಹುಟ್ಟಿರುವುದೇ ಗಟ್ಟಿ ಮಾಂಸಕ್ಕಾಗಿ. ಪ್ರಾಣಿ ಹೆಚ್ಚು ದುಡಿಸಿದ ಭಾಗಗಳಲ್ಲಿ, ಅಂದರೆ ಕತ್ತು, ಮುಂಗಾಲು, ನಲ್ಲಿ ಮೂಳೆಯ ಸುತ್ತಲಿನ ಮಾಂಸದಲ್ಲಿ, ಎಳೆಗಳನ್ನು ಕಟ್ಟಿಹಾಕುವ ಕೊಲಾಜೆನ್ ಎಂಬ ಬಿಳಿಯ ನಾರು ಹೆಚ್ಚಾಗಿರುತ್ತದೆ. ಇದು ಅಗಿದರೆ ರಬ್ಬರು. ಆದರೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಗಂಟೆಗಟ್ಟಲೆ ತೇವದಲ್ಲಿದ್ದರೆ ಕರಗಿ ಜೆಲಾಟಿನ್ ಆಗಿ ರಸಕ್ಕೆ ತುಟಿಗೆ ಅಂಟುವಂಥ ಮೈಕಟ್ಟನ್ನು ಕೊಡುತ್ತದೆ. ಮಾಂಸದ ಎಳೆಗಳು ಮಾತ್ರ ಇದಕ್ಕೆ ವಿರುದ್ಧ: ಬಿಸಿ ಹೆಚ್ಚಿದಷ್ಟೂ ಅವು ಬಿಗಿದುಕೊಂಡು ತಮ್ಮಲ್ಲಿರುವ ನೀರನ್ನು ಹಿಂಡಿಬಿಡುತ್ತವೆ. ಜೋರು ಉರಿಯಲ್ಲಿ ಕುದಿಸಿದ ಮಾಂಸ ಸಾರಿನೊಳಗೆ ಮುಳುಗಿದ್ದೂ ಬಾಯಲ್ಲಿ ಒಣಗಿದಂತೆ ಅನ್ನಿಸುವುದು ಇದಕ್ಕೇ.

ನಾಲ್ಕೈದು ಜನಕ್ಕೆ ಅರ್ಧ ಕಿಲೊ ಮಟನ್ ಸಾಕು. ಮೂಳೆ ಸಹಿತ, ಅಂಗುಲಕ್ಕಿಂತ ಚಿಕ್ಕದಾಗದಂತೆ ಕತ್ತರಿಸಿಕೊಡಲು ಹೇಳಿ. ಬಿರಿಯಾನಿಗೆ ಕೊಡುವ ತುಂಡು ಸರಿಹೋಗುತ್ತದೆ, ಕೈಮಕ್ಕೆ ಹತ್ತಿರವಾಗುವಷ್ಟು ಸಣ್ಣದು ಬೇಡ. ಉಳಿದಂತೆ ಎರಡು ಈರುಳ್ಳಿ, ಎರಡು ಮಧ್ಯಮ ಗಾತ್ರದ ಆಲೂಗಡ್ಡೆ, ಒಂದು ಕ್ಯಾರೆಟ್, ಉದ್ದಕ್ಕೆ ಸೀಳಿದ ಐದಾರು ಹಸಿಮೆಣಸಿನಕಾಯಿ, ಒಂದು ಅಂಗುಲ ಶುಂಠಿ, ಎರಡು ಎಸಳು ಕರಿಬೇವು, ಒಂದು ತುಂಡು ಚಕ್ಕೆ, ನಾಲ್ಕು ಲವಂಗ, ಮೂರು ಏಲಕ್ಕಿ, ಒಂದು ಚಮಚ ಕಾಳುಮೆಣಸು, ಎರಡು ಚಮಚ ಕೊಬ್ಬರಿ ಎಣ್ಣೆ, ಒಂದು ದೊಡ್ಡ ತೆಂಗಿನಕಾಯಿ, ಕೊನೆಯಲ್ಲಿ ಹುರಿದು ಹಾಕಲು ಕೆಲವು ಸಾಂಬಾರ್ ಈರುಳ್ಳಿ ಮತ್ತು ಉಪ್ಪು ಬೇಕು. ಅರಿಸಿನ, ಖಾರದಪುಡಿ, ಧನಿಯಾಪುಡಿ ಯಾವುದೂ ಇಲ್ಲ. ಈ ಪಟ್ಟಿ ನೋಡಿ ಮಸಾಲೆ ಸಾಲದೆಂದು ಅನ್ನಿಸುವುದು ಸಹಜ. ಆದರೂ ಮೊದಲ ಸಲ ಏನನ್ನೂ ಸೇರಿಸದೆ ಮಾಡಿ. ಬಿಳಿಯ ರಸದಲ್ಲಿ ಕಾಳುಮೆಣಸು ಮತ್ತು ಶುಂಠಿಯ ಖಾರ ಬೇರೆ ಬೇರೆಯಾಗಿ ಗೊತ್ತಾಗುವುದೇ ಇದರ ರುಚಿ.

ಕಾಯಿಹಾಲು

ಕಾಯಿಯನ್ನು ತುರಿದು, ಮುಕ್ಕಾಲು ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ತೆಳುವಾದ ಬಟ್ಟೆಯಲ್ಲಿ ಹಿಂಡಿದರೆ ಬರುವ ಸುಮಾರು ಒಂದು ಲೋಟ ಗಟ್ಟಿಹಾಲು ಮೊದಲನೆಯದು. ಅದನ್ನು ಬೇರೆಯಾಗಿ ಎತ್ತಿಡಿ. ಉಳಿದ ಚರಟಕ್ಕೆ ಎರಡು ಲೋಟ ನೀರು ಹಾಕಿ ಮತ್ತೆ ರುಬ್ಬಿ ಹಿಂಡಿದರೆ ಎರಡನೆಯ ತೆಳುಹಾಲು. ಪ್ಯಾಕೆಟ್ಟಿನ ಹಾಲಾದರೆ ಒಂದು ಲೋಟ ಹಾಗೆಯೇ ಇಟ್ಟುಕೊಂಡು, ಇನ್ನರ್ಧ ಲೋಟಕ್ಕೆ ನೀರು ಬೆರೆಸಿ ತೆಳುಹಾಲು ಮಾಡಿಕೊಳ್ಳಬಹುದು.

ಎರಡು ಹಾಲನ್ನು ಬೇರೆಯಾಗಿ ಇಡಬೇಕೆನ್ನುವುದು ಶಾಸ್ತ್ರಕ್ಕಲ್ಲ. ನಾನು ಮೊದಲ ಸಲ ‘ಇಷ್ಟು’ ಮಾಡಿದಾಗ ಎರಡನ್ನೂ ಒಟ್ಟಿಗೆ ಸುರಿದು, ಮಾಂಸ, ಆಲೂಗಡ್ಡೆ ಎಲ್ಲವನ್ನೂ ಕುಕ್ಕರಿಗೆ ಹಾಕಿ ಎಂಟು ಕೂಗು ಕೂಗಿಸಿದ್ದೆ. ಮುಚ್ಚಳ ತೆಗೆದಾಗ ಆಲೂಗಡ್ಡೆ ಕಾಣಿಸಲಿಲ್ಲ. ಮೇಲೆ ಬೆರಳು ದಪ್ಪದ ಎಣ್ಣೆ, ಕೆಳಗೆ ಒಡೆದ ಹಾಲಿನಂಥ ಬಿಳಿಯ ಚೂರುಗಳು. ಪಕ್ಕದ ಮನೆಯಲ್ಲಿದ್ದ ತ್ರಿಶೂರಿನ ಚೇಚಿ ಪಾತ್ರೆಗೆ ಒಮ್ಮೆ ಇಣುಕಿ, “ಗಟ್ಟಿಹಾಲು ಹಾಕಿದ ಮೇಲೆ ಬಿಸಿ ಆದರೆ ಸಾಕು, ಕುದಿ ಯಾಕೆ?” ಎಂದಷ್ಟೇ ಹೇಳಿ ಹೋದರು. ಕಾಯಿಹಾಲೆಂದರೆ ನೀರಿನಲ್ಲಿ ತೇಲುತ್ತಿರುವ ಎಣ್ಣೆಯ ಸಣ್ಣ ಹನಿಗಳು. ಅವು ಒಂದಕ್ಕೊಂದು ಕೂಡಿಕೊಳ್ಳದಂತೆ ಕಾಯಿಯ ಪ್ರೋಟೀನು ತಡೆದು ನಿಲ್ಲಿಸಿರುತ್ತದೆ. ಬಿಸಿ ಸುಮಾರು 80 ಡಿಗ್ರಿ ದಾಟಿದಂತೆ ಆ ಪ್ರೋಟೀನು ಹೆಪ್ಪುಗಟ್ಟತೊಡಗುತ್ತದೆ, ತಡೆ ಸಡಿಲವಾಗುತ್ತದೆ, ಎಣ್ಣೆ ಬೇರ್ಪಡುತ್ತದೆ. ತೆಳುಹಾಲಿನಲ್ಲಿ ಎಣ್ಣೆಯ ಅಂಶವೇ ಕಡಿಮೆ; ಅದು ಒಡೆದರೂ ಕಣ್ಣಿಗೆ ಅಷ್ಟಾಗಿ ಕಾಣದು. ಆದ್ದರಿಂದ ತರಕಾರಿ ಬೇಯಿಸುವ ಕೆಲಸ ತೆಳುಹಾಲಿನದು, ರಸಕ್ಕೆ ಮೈ ತುಂಬುವ ಕೆಲಸ ಗಟ್ಟಿಹಾಲಿನದು.

ಬೇಯಿಸುವ ಕ್ರಮ

ತಳ ದಪ್ಪದ ಪಾತ್ರೆಯಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ ಚಕ್ಕೆ, ಲವಂಗ, ಏಲಕ್ಕಿ ಮತ್ತು ಲಘುವಾಗಿ ಜಜ್ಜಿದ ಕಾಳುಮೆಣಸನ್ನು ಹಾಕಿ. ಘಮ ಬಂದ ಕೂಡಲೇ ಉದ್ದಕ್ಕೆ ಹೆಚ್ಚಿದ ಈರುಳ್ಳಿ, ಸಣ್ಣಗೆ ಸೀಳಿದ ಶುಂಠಿ, ಹಸಿಮೆಣಸಿನಕಾಯಿ ಮತ್ತು ಅರ್ಧದಷ್ಟು ಕರಿಬೇವನ್ನು ಸೇರಿಸಿ ಬಾಡಿಸಿ. ಈರುಳ್ಳಿ ಕೆಂಪಾಗಬಾರದು, ಪಾರದರ್ಶಕವಾದರೆ ಸಾಕು. ಯುರೋಪಿನ ಕಂದು ಸ್ಟ್ಯೂಗಳಲ್ಲಿ ಮಾಂಸದ ತೇವ ಒರೆಸಿ, ಕಾದ ಬಾಣಲೆಯಲ್ಲಿ ಮೊದಲೇ ಕೆಂಪಗೆ ಹುರಿಯುತ್ತಾರೆ. ಆ ಬಣ್ಣ, ಆ ಘಮ ಬರಲು ಸುಮಾರು 140 ಡಿಗ್ರಿಯ ಬಿಸಿ ಬೇಕು. ನೀರು ಬಿದ್ದ ಮೇಲೆ ಪಾತ್ರೆ 100 ಡಿಗ್ರಿ ದಾಟುವುದಿಲ್ಲವಾದ್ದರಿಂದ ಹುರಿಯುವುದಿದ್ದರೆ ನೀರಿಗೆ ಮೊದಲೇ ಹುರಿಯಬೇಕು. ‘ಇಷ್ಟು’ ಬಿಳಿಯ ಜಾತಿಯದು, ಅದಕ್ಕೆ ಈ ಹಂತ ಬೇಡ.

ಮಾಂಸ ಹಾಕಿ, ಅದರ ಕೆಂಪು ಹೋಗುವವರೆಗೆ ಎರಡು ಮೂರು ನಿಮಿಷ ಕೈಯಾಡಿಸಿ, ಒಂದು ಚಮಚ ಉಪ್ಪು ಮತ್ತು ಮಾಂಸ ಮುಳುಗುವಷ್ಟು ಬಿಸಿನೀರು ಹಾಕಿ. ಒಂದು ಕುದಿ ಬಂದಾಗ ಮೇಲೇಳುವ ಬೂದು ಬಣ್ಣದ ನೊರೆಯನ್ನು ಸೌಟಿನಿಂದ ತೆಗೆದುಬಿಡಿ. ಇಲ್ಲಿಂದ ಮುಂದೆ ಉರಿಯನ್ನು ಪೂರ್ತಿ ಸಣ್ಣದು ಮಾಡಿ, ಮುಚ್ಚಳವನ್ನು ಒಂದು ಬೆರಳಿನಷ್ಟು ಓರೆಯಾಗಿ ಮುಚ್ಚಿ ಒಂದೂವರೆಯಿಂದ ಎರಡು ಗಂಟೆ ಬಿಡಬೇಕು. ಉರಿ ಸರಿಯಾಗಿದೆಯೇ ಎಂದು ತಿಳಿಯಲು ನೀರಿನ ಮೇಲ್ಮೈಯನ್ನು ನೋಡಿ. ನಡುವೆ ಎಲ್ಲವೂ ನಿಶ್ಚಲವಾಗಿದ್ದು, ಪಾತ್ರೆಯ ಅಂಚಿನಲ್ಲಿ ಒಂದೋ ಎರಡೋ ಕಡೆ ಮಾತ್ರ ಒಂದು ಗುಳ್ಳೆ ಎದ್ದು ಒಡೆದು, ತುಸು ತಡೆದು ಇನ್ನೊಂದು ಏಳುತ್ತಿದ್ದರೆ ಅದು ಸ್ಟ್ಯೂವಿನ ಹದ. ಮೇಲ್ಮೈಯೆಲ್ಲ ಕೊತಕೊತ ಎನ್ನುತ್ತಿದ್ದರೆ ಪಾತ್ರೆಯ ಕೆಳಗೆ ದೋಸೆಯ ಹಳೆಯ ಕಾವಲಿಯನ್ನು ಇಡಿ. ಗ್ಯಾಸ್ ಒಲೆಯ ಸಣ್ಣ ಉರಿಯೂ ಕೆಲವೊಮ್ಮೆ ಹೆಚ್ಚಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮಂಗಳೂರಿನಲ್ಲಿ ಬೆಂದಷ್ಟು ಬೇಗ ಮಡಿಕೇರಿಯಲ್ಲೋ ಬೆಂಗಳೂರಿನಲ್ಲೋ ಬೇಯಲಿಲ್ಲವೆಂದು ಉರಿ ಏರಿಸಬೇಡಿ, ಹೊತ್ತು ಹೆಚ್ಚು ಕೊಡಿ.

ಎರಡು ಗಂಟೆ ಇಲ್ಲದವರು ಕುಕ್ಕರ್ ಬಳಸುವುದರಲ್ಲಿ ಅಪರಾಧವೇನೂ ಇಲ್ಲ. ಅದರೊಳಗಿನ ಒತ್ತಡದಲ್ಲಿ ಬಿಸಿ 120 ಡಿಗ್ರಿಯವರೆಗೆ ಏರುವುದರಿಂದ ಕೊಲಾಜೆನ್ ಬೇಗ ಕರಗುತ್ತದೆ. ಮಾಂಸ ಮತ್ತು ನೀರನ್ನು ಮಾತ್ರ ನಾಲ್ಕು ಕೂಗು ಕೂಗಿಸಿ, ಒತ್ತಡ ತಾನಾಗಿ ಇಳಿಯಲು ಬಿಟ್ಟು, ಆಮೇಲೆ ತೆರೆದ ಪಾತ್ರೆಗೆ ವರ್ಗಾಯಿಸಿ. ತರಕಾರಿಯನ್ನಾಗಲಿ ಕಾಯಿಹಾಲನ್ನಾಗಲಿ ಕುಕ್ಕರಿನೊಳಗೆ ಇಳಿಸಬೇಡಿ. ಇಳಿಸಿದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇನೆ.

ಮಾಂಸ ಮುಕ್ಕಾಲು ಬೆಂದಾಗ, ಅಂದರೆ ಚಾಕುವಿನ ಮೊನೆ ಸುಲಭವಾಗಿ ಇಳಿದರೂ ಮೂಳೆಯಿಂದ ಮಾಂಸ ಇನ್ನೂ ಬಿಡದಿರುವಾಗ, ಒಂದೂವರೆ ಅಂಗುಲದ ಆಲೂಗಡ್ಡೆ ಹೋಳು ಮತ್ತು ಕ್ಯಾರೆಟ್ಟನ್ನು ತೆಳುಹಾಲಿನೊಂದಿಗೆ ಸೇರಿಸಿ. ಹೊಸ ಆಲೂಗಡ್ಡೆ ಹೋಳಾಗಿಯೇ ಉಳಿಯುತ್ತದೆ. ಹಿಟ್ಟಿನಂಶ ಹೆಚ್ಚಿರುವ ಹಳೆಯದು ಅಂಚು ಕರಗಿ ರಸವನ್ನು ಮಂದಗೊಳಿಸುತ್ತದೆ. ನನಗೆ ಎರಡೂ ಬೇಕೆನಿಸುವುದರಿಂದ ಬೆಂದ ಮೇಲೆ ಎರಡು ಹೋಳುಗಳನ್ನು ಸೌಟಿನ ಹಿಂಬದಿಯಿಂದ ಪಾತ್ರೆಯ ಗೋಡೆಗೆ ಒತ್ತಿ ಕಲಸಿಬಿಡುತ್ತೇನೆ. ಹುಳಿ ಬೇಕೆನ್ನುವವರು ಕೊನೆಯಲ್ಲಿ ಕೆಲವು ಹನಿ ನಿಂಬೆರಸ ಹಿಂಡಬಹುದು, ಆದರೆ ತರಕಾರಿ ಬೇಯುವ ಮೊದಲು ಬೇಡ. ಹುಳಿ ಬಿದ್ದ ಮೇಲೆ ತರಕಾರಿ ಬೇಯದು ಎಂಬುದು ನಮ್ಮ ಮನೆಗಳಲ್ಲಿ ಸಾಂಬಾರು ಮಾಡುವವರೆಲ್ಲರಿಗೂ ಗೊತ್ತು. ತರಕಾರಿಯ ಕೋಶಗಳನ್ನು ಹಿಡಿದಿಟ್ಟಿರುವ ಅಂಟು ಹುಳಿಯಲ್ಲಿ ಬೇಗ ಕರಗದಿರುವುದು ಅದಕ್ಕೆ ಕಾರಣ.

ಆಲೂಗಡ್ಡೆ ಬೆಂದ ಮೇಲೆ ಉಪ್ಪು ನೋಡಿ, ಉರಿ ತೀರ ಸಣ್ಣದಾಗಿರುವಂತೆಯೇ ಗಟ್ಟಿಹಾಲನ್ನು ಸುರಿದು ಒಂದೇ ದಿಕ್ಕಿನಲ್ಲಿ ನಿಧಾನವಾಗಿ ತಿರುವಿ. ಇಲ್ಲಿ ಒಲೆಯ ಮುಂದಿನಿಂದ ಕದಲಬಾರದು. ಅಂಚಿನಲ್ಲಿ ಉಗಿ ಏಳತೊಡಗಿ ಮೊದಲ ಗುಳ್ಳೆ ಕಾಣುವ ಮುನ್ನ ಒಲೆ ಆರಿಸಿ. ಸಾಂಬಾರ್ ಈರುಳ್ಳಿಯನ್ನು ತುಪ್ಪದಲ್ಲೋ ಕೊಬ್ಬರಿ ಎಣ್ಣೆಯಲ್ಲೋ ಹೊಂಬಣ್ಣಕ್ಕೆ ಹುರಿದು, ಉಳಿದ ಕರಿಬೇವು ಹಾಕಿ, ಮೇಲೆ ಸುರಿದು ಹತ್ತು ನಿಮಿಷ ಮುಚ್ಚಿಡಿ. ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್, ಈಸ್ಟರ್ ದಿನಗಳ ಬೆಳಗಿನ ತಿಂಡಿಗೆ ಇದರ ಜೊತೆ ಅಪ್ಪಂ ಇರುತ್ತದೆ. ಅಪ್ಪಂ ಹುದುಗು ಬರಿಸುವ ತಾಳ್ಮೆ ಇಲ್ಲದವರಿಗೆ ನಮ್ಮ ಕರಾವಳಿಯ ನೀರುದೋಸೆ ಅಥವಾ ಒತ್ತುಶಾವಿಗೆ ಅಷ್ಟೇ ಚೆನ್ನಾಗಿ ಒಗ್ಗುತ್ತದೆ. ಚಪಾತಿಯೊಂದಿಗೆ ನಾನು ಶಿಫಾರಸು ಮಾಡಲಾರೆ.

ಮಾಂಸವಿಲ್ಲದ ಇಷ್ಟು, ಮಸಾಲೆಯಿಲ್ಲದ ಸ್ಟ್ಯೂ

ಓಣಂ ಹಬ್ಬದೂಟವಾದ ‘ಸದ್ಯ’ದ ಎಲೆಯಲ್ಲಿ ಬಡಿಸುವ ಆಲೂಗಡ್ಡೆಯ ಇಷ್ಟು ಅರ್ಧ ಗಂಟೆಯ ಕೆಲಸ. ಆಲೂಗಡ್ಡೆ, ಈರುಳ್ಳಿ, ಶುಂಠಿ, ಹಸಿಮೆಣಸಿನಕಾಯಿಯನ್ನು ತೆಳುಹಾಲಿನಲ್ಲೇ ಬೇಯಿಸಿ, ಗಟ್ಟಿಹಾಲು ಸೇರಿಸಿ ಇಳಿಸಿ, ಒಗ್ಗರಣೆಯಿಲ್ಲದೆ ಹಸಿ ಕೊಬ್ಬರಿ ಎಣ್ಣೆ ಒಂದು ಚಮಚ, ಕರಿಬೇವು ಹಾಕಿ ಮುಚ್ಚಿಡುತ್ತಾರೆ. ನೋಡಲು ನಮ್ಮ ಸಾಗುವಿನಂತೆ ಕಂಡರೂ ಎರಡೂ ಒಂದಲ್ಲ: ಸಾಗುವಿಗೆ ರುಬ್ಬಿದ ಮಸಾಲೆ ಮೈ ಕೊಡುತ್ತದೆ, ಇಷ್ಟುವಿಗೆ ಹಿಂಡಿದ ಹಾಲು.

ಐರ್ಲೆಂಡಿನ ಸ್ಟ್ಯೂ ಇದಕ್ಕಿಂತಲೂ ಬಡವ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಬೇಕಾದದ್ದು ಕುರಿಯ ಕತ್ತಿನ ಮಾಂಸ, ಆಲೂಗಡ್ಡೆ, ಈರುಳ್ಳಿ, ನೀರು, ಉಪ್ಪು, ಮೆಣಸು, ಇಷ್ಟೇ; ಕ್ಯಾರೆಟ್ ಹಾಕಬಹುದೇ ಎಂಬ ಬಗ್ಗೆ ಅಲ್ಲಿನವರು ಇಂದಿಗೂ ಜಗಳವಾಡುತ್ತಾರೆ. ಒಂದು ಕಿಲೊ ಮಾಂಸಕ್ಕೆ ಒಂದು ಕಿಲೊ ಆಲೂಗಡ್ಡೆ, ಅರ್ಧ ಕಿಲೊ ಈರುಳ್ಳಿ ತೆಗೆದುಕೊಂಡು, ಆಲೂಗಡ್ಡೆಯ ಮೂರನೆಯ ಒಂದು ಭಾಗವನ್ನು ತೆಳ್ಳಗೆ ಹೆಚ್ಚಿ ತಳದಲ್ಲಿ ಹರಡಿ, ಅದರ ಮೇಲೆ ಮಾಂಸ, ಈರುಳ್ಳಿ, ಕೊನೆಗೆ ಉಳಿದ ಆಲೂಗಡ್ಡೆಯನ್ನು ದೊಡ್ಡ ಹೋಳಾಗಿ ಜೋಡಿಸಿ, ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು ಹಾಕಿ, ಬಿಗಿಯಾಗಿ ಮುಚ್ಚಿ ಎರಡು ಗಂಟೆ ಸಣ್ಣ ಉರಿಯಲ್ಲಿ ಬಿಡಬೇಕು. ತಳದ ಬಿಲ್ಲೆಗಳು ಕರಗಿ ರಸವಾಗುತ್ತವೆ, ಮೇಲಿನವು ಉಗಿಯಲ್ಲಿ ಬೇಯುತ್ತವೆ. ನಮ್ಮ ನಾಲಿಗೆಗೆ ಇದು ಸಪ್ಪೆಯೇ. ಜಡಿಮಳೆಯ ರಾತ್ರಿ ಮಾತ್ರ ಹಾಗೆನಿಸುವುದಿಲ್ಲ.

ಮರುದಿನಕ್ಕೆ

ಮಾಂಸದ ಸ್ಟ್ಯೂ ಮರುದಿನ ಹೆಚ್ಚು ರುಚಿ ಎಂಬ ಮಾತು ನಿಜ. ರಾತ್ರಿಯಲ್ಲಿ ಜೆಲಾಟಿನ್ ಗಟ್ಟಿಯಾಗಿ, ಮೇಲೆ ಕಟ್ಟಿದ ಕೊಬ್ಬನ್ನು ಚಮಚದಲ್ಲಿ ಎತ್ತಿ ತೆಗೆಯುವುದೂ ಸುಲಭವಾಗುತ್ತದೆ. ಆದರೆ ದೊಡ್ಡ ಪಾತ್ರೆಯಲ್ಲಿ ಒಲೆಯ ಮೇಲೆಯೇ ರಾತ್ರಿಯಿಡೀ ಬಿಡುವುದು ಅಪಾಯ. ನಿಧಾನವಾಗಿ ತಣಿಯುವ ಮಾಂಸದ ರಸದಲ್ಲಿ, ಕುದಿಸಿದರೂ ಸಾಯದೆ ಉಳಿಯುವ ಬ್ಯಾಕ್ಟೀರಿಯಾದ ಬೀಜಕಗಳು ಮತ್ತೆ ಚಿಗುರುತ್ತವೆ. ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮತ್ತೆ ಬಿಸಿ ಮಾಡುವಾಗ ಒಳಗಿನವರೆಗೂ ಚೆನ್ನಾಗಿ ಕಾಯಬೇಕು, ಆದರೆ ಚೆನ್ನಾಗಿ ಕಾಯಿಸಿದರೆ ಕಾಯಿಹಾಲು ಒಡೆಯುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ, ಗಟ್ಟಿಹಾಲು ಸೇರಿಸುವ ಮೊದಲೇ ಮರುದಿನದ ಪಾಲನ್ನು ಬೇರೆ ಡಬ್ಬಿಗೆ ತೆಗೆದು, ಅದರ ಪಾಲಿನ ಗಟ್ಟಿಹಾಲನ್ನೂ ಪ್ರತ್ಯೇಕವಾಗಿ ಫ್ರಿಜ್ಜಿನಲ್ಲಿ ಇಡುವುದು. ಬೆಳಿಗ್ಗೆ ಮಾಂಸದ ಪಾಲನ್ನು ಧೈರ್ಯವಾಗಿ ಕುದಿಸಿ, ಉರಿ ತಗ್ಗಿಸಿ, ಕುದಿ ಪೂರ್ತಿ ನಿಂತ ಮೇಲೆ ಹಾಲು ಹಾಕಿ ಬಿಸಿ ಮಾಡಿಕೊಳ್ಳಿ.